ಕಾಶಿಬಾಯಿಯವರು ಸ್ಪಂದಿಸುತ್ತಿಲ್ಲ

ಆಳಂದದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಿಂತು ರಾಘವೇಂದ್ರ ಅವರ ಮನೆ ಯಾವುದು ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ‘ಹವಾ ರಾಘಣ್ಣನ ಮನಿ’ ಎಂದರೆ ಮಾತ್ರ ಚಿಕ್ಕ ಮಕ್ಕಳೂ ಬೆರಳು ಮಾಡಿ ತೋರಿಸುತ್ತವೆ. ಹವಾ ಎಂದರೆ ನಮ್ಮ ಕಡೆ ಗಾಳಿಯೂ ಹೌದು, ಜಂಬವೂ ಹೌದು. ಟೆಲಿಫೋನ್ ಇಲಾಖೆಯಿಂದ ನಿವೃತ್ತನಾಗಿ, ಮಾಳಿಗೆಯ ಮೇಲೆ ಗಾಳಿ ಅಳೆಯುವ ಯಂತ್ರ ಕೂರಿಸಿದ ಮೇಲೆ ತನಗೆ ಈ ಹೆಸರು ಬಂತೆಂದು ರಾಘವೇಂದ್ರ ಹೊಸಬರಿಗೆ ಹೇಳುತ್ತಾನೆ. ಹೆಸರು ಯಂತ್ರಕ್ಕಿಂತ ಬಹಳ ಹಳೆಯದು. ಅದು ಓಣಿಗೆಲ್ಲ ಗೊತ್ತು, ಅವನಿಗೂ ಗೊತ್ತು.

ಮಾದನಹಿಪ್ಪರಗಾದಲ್ಲಿ ಹುಟ್ಟಿ, ಆಳಂದದಲ್ಲಿ ಟೆಲಿಫೋನ್ ರಿಪೇರಿ ಮಾಡುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಒಂದು ಕಾಲದಲ್ಲಿ ಅವನು ಬಜಾರದಲ್ಲಿ ಹೊರಟರೆ ಕಿರಾಣಿ ಅಂಗಡಿಯವರು, ವಕೀಲರು, ಡಾಕ್ಟರು ಎಲ್ಲ ಕೂತ ಜಾಗ ಬಿಟ್ಟು ಎದ್ದು ಬರುತ್ತಿದ್ದರು. “ಸಾಹೇಬ್ರ, ನಮ್ಮ ಫೋನ್ ಸತ್ತ ಬಿದ್ದದರಿ” ಎನ್ನುತ್ತಿದ್ದರು. “ಲೈನ್ ಚೆಕ್ ಮಾಡಾಕತ್ತೇವ್ರಿ” ಎಂದು ಇವನು ಗಂಭೀರವಾಗಿ ಹೇಳುತ್ತಿದ್ದ. ಆ ಒಂದೇ ವಾಕ್ಯದ ಮೇಲೆ ಇಡೀ ನೌಕರಿ ಮುಗಿಸಿದೆ ನೋಡು ಎಂದು ಈಗ ತನ್ನನ್ನು ನೋಡಿ ತಾನೇ ನಗುತ್ತಾನೆ. ಅವನು ನಿವೃತ್ತನಾಗುವ ಹೊತ್ತಿಗೆ ಮನೆಮನೆಯ ಫೋನುಗಳೂ ನಿವೃತ್ತವಾಗಿದ್ದವು. ಬೀಳ್ಕೊಡುಗೆಯ ದಿನ ಅವನಿಗೆ ಒಂದು ಶಾಲು ಹೊದಿಸಿದರು, ಅವನ ಕೋಣೆಗೆ ಒಂದು ಬೀಗ ಹಾಕಿದರು.

ಮನೆಯಲ್ಲಿ ಕೂತವನ ಕೈ ಸುಮ್ಮನಿರಬೇಕಲ್ಲ! ಮೊದಲು ಮಿಕ್ಸರ್ ಬಿಚ್ಚಿದ. ಅದು ಮತ್ತೆಂದೂ ಚಟ್ನಿ ಮಾಡಲಿಲ್ಲ. ಆಮೇಲೆ ಫ್ಯಾನಿನ ರೆಗ್ಯುಲೇಟರಿಗೆ ಕೈ ಹಚ್ಚಿದ; ಫ್ಯಾನು ಒಂದೋ ನಿಲ್ಲುತ್ತಿತ್ತು, ಇಲ್ಲವೇ ಮನೆ ಹಾರಿಸಿಕೊಂಡು ಹೋಗುವಂತೆ ತಿರುಗುತ್ತಿತ್ತು. ಹೆಂಡತಿ ಮಧುಮತಿ ಇಸ್ತ್ರಿ ಪೆಟ್ಟಿಗೆಯನ್ನು ಸೀರೆಗಳ ಕೆಳಗೆ ಅಡಗಿಸಿಟ್ಟಳು. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಮಗಳು ಮಂಜರಿ, ಅಪ್ಪನ ಕೈಯಿಂದ ಮನೆಯನ್ನು ಉಳಿಸಬೇಕೆಂದೇ ಒಂದು ಹವಾಮಾನ ಯಂತ್ರ ತರಿಸಿಕೊಟ್ಟಳು. “ಅಪ್ಪಾ, ಇದನ್ನ ಮಾತ್ರ ಬಿಚ್ಚಬ್ಯಾಡ್ರಿ. ಬರೇ ನೋಡ್ರಿ” ಎಂದಳು.

ಅದರಲ್ಲಿ ಮಾಳಿಗೆಯ ಮೇಲಿಡುವ ಮೂರು ಸೆನ್ಸರುಗಳಿದ್ದವು. ಒಂದು ಬಿಸಿಲು ಅಳೆಯುತ್ತದೆ, ಒಂದು ಗಾಳಿ, ಇನ್ನೊಂದು ಮಳೆ. ಮೂರೂ ಸೆಲ್ ಹಾಕಿಸಿಕೊಂಡು, ತಂತಿಯ ಹಂಗಿಲ್ಲದೆ, ಕೆಳಗೆ ಪಡಸಾಲೆಯ ಗೋಡೆಯ ಮೇಲಿನ ಪರದೆಗೆ ಸುದ್ದಿ ಕಳಿಸುತ್ತವೆ. ಹೊಂದಿಸುವಾಗ ಯಂತ್ರವು ಪ್ರತಿಯೊಂದಕ್ಕೂ ಒಂದು ಹೆಸರು ಕೇಳಿತು. ಬುದ್ಧಿ ಇದ್ದವನಾದರೆ ಬಿಸಿಲು, ಗಾಳಿ, ಮಳೆ ಎಂದು ಹೊಡೆದು ಕೈ ತೊಳೆದುಕೊಳ್ಳುತ್ತಿದ್ದ. ಇವನಿಗೆ ಅಷ್ಟು ಸರಳವಾದದ್ದು ಯಾವತ್ತು ಸರಿ ಬಂದಿದೆ? ಸದಾ ತಲೆ ಬಿಸಿ ಮಾಡಿಕೊಂಡಿರುವ ಅತ್ತೆ ತುಳಸಾಬಾಯಿಯ ಹೆಸರನ್ನು ಬಿಸಿಲಿನದಕ್ಕೆ ಇಟ್ಟ. ಗಾಳಿಯದಕ್ಕೆ, ಊರವರು ಹೇಗೂ ಕರೆಯುತ್ತಾರಲ್ಲ ಎಂದು, ತನ್ನದೇ ಹೆಸರು. ಮಳೆಯದಕ್ಕೆ ನೆಲೋಗಿಯಲ್ಲಿರುವ ಅಕ್ಕ ಕಾಶಿಬಾಯಿಯ ಹೆಸರು. ಆ ಮಳೆಯ ಡಬ್ಬಿಯೊಳಗೆ ಚಮಚದಂಥ ಪುಟ್ಟ ತೊಟ್ಟಿ ಇರುತ್ತದೆ. ನಾಲ್ಕು ಹನಿ ಬಿದ್ದರೆ ಸಾಕು, ತುಂಬಿ ಟಕ್ಕೆಂದು ಮಗುಚಿಕೊಳ್ಳುತ್ತದೆ, ಮತ್ತೆ ತುಂಬುತ್ತದೆ. ಅಕ್ಕನ ಕಣ್ಣೂ ಹಾಗೇ ಎಂಬುದು ಅವನ ಸಂಶೋಧನೆ.

ತಪ್ಪು ಇಲ್ಲಿಗೇ ನಿಂತಿದ್ದರೆ ಚಿಂತೆಯಿರಲಿಲ್ಲ. ಯಂತ್ರ ಕಳಿಸುವ ಸೂಚನೆಗಳನ್ನು ಬೇಕಾದ ಭಾಷೆಯಲ್ಲಿ ನಾವೇ ಬರೆದುಕೊಳ್ಳಬಹುದಿತ್ತು. ಸೆಲ್ ಮುಗಿಯುತ್ತ ಬಂದರೆ ‘ಬ್ಯಾಟರಿ ಕಡಿಮೆ’ ಎಂದು ಬರೆಯಬೇಕಾದ ಕಡೆ ರಾಘವೇಂದ್ರ ಗಲ್ಲಕ್ಕೆ ಕೈ ಇಟ್ಟು ಕೂತ. ಬ್ಯಾಟರಿ ಎಂದರೆ ನಮ್ಮ ಮಂದಿ ಕತ್ತಲಲ್ಲಿ ಹಿಡಿಯುವ ಟಾರ್ಚು ಎಂದುಕೊಳ್ಳುತ್ತಾರೆ, ಅನರ್ಥವಾದೀತು ಎಂದು ವಿಚಾರ ಮಾಡಿ ‘ಶಕ್ತಿ ತೀರ ಕುಂದಿದೆ, ಕೂಡಲೇ ಗಮನಿಸಿ’ ಎಂದು ಬರೆದ. ಸೆಲ್ ಪೂರಾ ಸತ್ತರೆ ‘ಸ್ಪಂದಿಸುತ್ತಿಲ್ಲ’. ಅನರ್ಥ ತಪ್ಪಿಸಲು ಹೋದವನ ಜಾಣತನ ಇದು.

ಮೊದಲ ದಿನವೇ ಪರದೆಯ ಮೇಲೆ ‘ತುಳಸಾಬಾಯಿ ಬಹಳ ಬಿಸಿಯಾಗಿದೆ’ ಎಂದು ಬಂತು. ಮಧುಮತಿ ಲಟ್ಟಣಿಗೆ ಹಿಡಿದುಕೊಂಡೇ ಅಡಿಗೆಮನೆಯಿಂದ ಹೊರಗೆ ಬಂದಳು.

“ನಮ್ಮ ಅವ್ವ ಏನ್ ಹಂಚೇನ್ರಿ, ಬಿಸಿ ಆಗ್ಯದ ಅನ್ನಾಕ? ಹೆಸರಂತೂ ಇಟ್ಟೀರಿ, ಮರ್ಯಾದಿ ಕೊಟ್ಟರ ಕೈ ಸವೀತಾವೇನು?”

ಸರಿ, ಹಿರಿಯರಿಗೆಲ್ಲ ‘ಅವರು’ ಸೇರಿಸಿ ವಾಕ್ಯಗಳನ್ನು ತಿದ್ದಿದ. ತುಳಸಾಬಾಯಿಯವರು ಬಿಸಿಯಾಗಿದ್ದಾರೆ. ಕಾಶಿಬಾಯಿಯವರ ಶಕ್ತಿ ತೀರ ಕುಂದಿದೆ. ಕಾಶಿಬಾಯಿಯವರು ಸ್ಪಂದಿಸುತ್ತಿಲ್ಲ. ತನ್ನ ಹೆಸರಿಗೆ ಮಾತ್ರ ವಿನಯದಿಂದ ಏಕವಚನವನ್ನೇ ಉಳಿಸಿಕೊಂಡ.

ಇಷ್ಟು ಚಂದದ ವರದಿಯನ್ನು ತಾನೊಬ್ಬನೇ ಓದುವುದೇ? ಮನೆತನದ ವಾಟ್ಸಾಪ್ ಗ್ರೂಪಿಗೆ ದಿನಕ್ಕೆರಡು ಸಲ ಹವಾ ವರದಿ ತಾನಾಗಿಯೇ ಹೋಗುವಂತೆ, ಮಂಜರಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ವ್ಯವಸ್ಥೆ ಮಾಡಿದ. ಯಾವ ಯಾವ ಸೂಚನೆ ಕಳಿಸಲಿ ಎಂದು ಅದು ಉದ್ದಕ್ಕೆ ಕೇಳುತ್ತ ಹೋದಾಗ ಬೇಸರ ಬಂದು ‘ಎಲ್ಲ’ ಎಂಬಲ್ಲಿ ಒತ್ತಿದ. ಆಳಂದ, ಅಫಜಲಪುರ, ಜೇವರ್ಗಿ, ನೆಲೋಗಿ ಎಲ್ಲ ಕಡೆಯ ಬೀಗರು ಬಿಜ್ಜರು ಆ ಗ್ರೂಪಿನಲ್ಲಿದ್ದರು. ಸಂಕ್ರಮಣದಿಂದ ಬೇಸಿಗೆಯವರೆಗೆ ವರದಿ ಹೋಯಿತು. ಒಬ್ಬರೂ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಹೆಬ್ಬೆರಳಿನ ಚಿತ್ರ ಕೂಡ ಹಾಕಲಿಲ್ಲ. ಮಂಜರಿಯಂತೂ ಮೊದಲ ವಾರವೇ ಗ್ರೂಪಿನ ಬಾಯಿ ಮುಚ್ಚಿಸಿದ್ದಳು. ರಾಘವೇಂದ್ರನಿಗೆ ಹೊಟ್ಟೆ ಉರಿಯಿತು. ಉತ್ತರ ಬಾರದ ಕಡೆ ಕಿವಿ ಕೊಟ್ಟು ಕೂರಲು ನಾನೇನು ಭಿಕ್ಷುಕನೇ ಎಂದು ತಾನೂ ಗ್ರೂಪಿನ ಸದ್ದು ಬಂದ್ ಮಾಡಿದ. ವರದಿ ಕಳಿಸುವುದನ್ನು ಮಾತ್ರ ಬಿಡಲಿಲ್ಲ.

ಹೀಗಿರುವಾಗ ಮಂಜರಿಯ ಸಂಬಂಧ ಕೂಡಿಬಂತು. ಹುಡುಗ ಸುಶಾಂತ ಕಲಬುರಗಿಯವನು. ಒಳ್ಳೆಯ ಮನೆ, ಒಳ್ಳೆಯ ಮಂದಿ. ನಿಶ್ಚಯ ರವಿವಾರಕ್ಕೆ ಗೊತ್ತಾಯಿತು. ಹುಡುಗಿಗೆ ಮೊದಲ ಉಡಿ ತುಂಬುವವಳು ಸೋದರತ್ತೆ. ಅವಳು ಅಕ್ಕಿ, ಕೊಬ್ಬರಿ, ಅರಿಷಿಣಕೊಂಬು ಉಡಿಗೆ ಹಾಕಿದ ಮೇಲೇ ಉಳಿದವರು ಕೈ ಹಚ್ಚಬೇಕು. ಮಂಜರಿಗೆ ಇರುವವಳು ಒಬ್ಬಳೇ ಸೋದರತ್ತೆ, ಕಾಶಿಬಾಯಿ. ಮಂಜರಿಗೂ ಅಪ್ಪ ಅವ್ವನಿಗಿಂತ ಅತ್ತೆಯೇ ಹೆಚ್ಚು. “ಅತ್ತಿ ಉಡಿ ತುಂಬದಿದ್ದರ ನಾ ಮಣಿ ಮ್ಯಾಲ ಕೂಡಂಗಿಲ್ಲ, ನೋಡ್ರಿ ಮತ್ತ” ಎಂದು ಮೊದಲೇ ಹೇಳಿಬಿಟ್ಟಿದ್ದಳು.

ಕಾಶಿಬಾಯಿ ಒಳ್ಳೆಯವಳು, ಆದರೆ ಮಾನಿ. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳು ಸಿಟ್ಟಾದರೆ ಬೈಯುವುದಿಲ್ಲ. ಬೈದಿದ್ದರೆ ಎಷ್ಟೋ ಬೇಕಾಗಿತ್ತು. ಮಾತು ಬಿಡುತ್ತಾಳೆ. ಅಫಜಲಪುರದ ಚಿಕ್ಕಪ್ಪನ ಮಗಳು ಗುರುಬಾಯಿ ತನ್ನ ಹೊಸ ಮನೆಯ ಗೃಹಪ್ರವೇಶಕ್ಕೆ ಸ್ವತಃ ಬಂದು ಕುಂಕುಮ ಹಚ್ಚಿ ಕರೆಯದೆ, ಆ ಕಡೆ ಹೊರಟ ಯಾರದೋ ಕೈಯಲ್ಲಿ ಹೇಳಿಕಳಿಸಿದಳು. ಅಷ್ಟೇ ಆದದ್ದು. ಹನ್ನೊಂದು ವರ್ಷದಿಂದ ಕಾಶಿಬಾಯಿ ಅವಳ ಮುಖ ನೋಡಿಲ್ಲ. ಒಂದೇ ಮದುವೆಗೆ ಹೋದರೂ ಇವಳು ಊಟದ ಮೊದಲ ಪಂಕ್ತಿ, ಅವಳು ಎರಡನೆಯದು.

ಇದೆಲ್ಲ ರಾಘವೇಂದ್ರನಿಗೆ ಬಾಯಿಪಾಠ. ಆದರೂ ಆ ಮಹಾಶಯ ಮಾಡಿದ್ದೇನು? ನಿಶ್ಚಯದ ಕರೆಯೋಲೆಯನ್ನು ಗ್ರೂಪಿನಲ್ಲಿ ಹಾಕಿ ಕೈ ಝಾಡಿಸಿಕೊಂಡ.

“ನೆಲೋಗಿಗಿ ಹೋಗಿ ಕುಂಕುಮ ಹಚ್ಚಿ ಕರದ್ ಬರ್ರಿ” ಎಂದು ಮಧುಮತಿ ದಿನಾ ಬೆನ್ನು ಹತ್ತಿದಳು. “ನಾನೂ ಬರ್ತೇನಿ, ಹೋಗಿ ಬರೋಣು.”

“ನಾಳಿ ಹೋಗೋಣು. ಈಗ ತುಳಸಾಬಾಯಿ ನಲವತ್ಮೂರು ಆಗ್ಯಾರ” ಎಂದು ಅವನು ಪರದೆ ತೋರಿಸುತ್ತಿದ್ದ.

ಆಳಂದದಿಂದ ಕಲಬುರಗಿ, ಅಲ್ಲಿಂದ ಜೇವರ್ಗಿ, ಅಲ್ಲಿಂದ ನೆಲೋಗಿ. ಮೂರು ಬಸ್ಸು, ಬೇಸಿಗೆಯ ಬಿಸಿಲು. ಗ್ರೂಪಿನಲ್ಲಿ ಹಾಕಿದ್ದನ್ನು ಅಕ್ಕ ಓದಿರುತ್ತಾಳೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅಕ್ಕ ತನ್ನ ಮೊಬೈಲನ್ನು ಬಂದ್ ಮಾಡಿ ಅಲಮಾರಿಯಲ್ಲಿ ಇಡುತ್ತಾಳೆ, ಚಾರ್ಜು ಉಳಿಯಲಿ ಎಂದು, ಅಮಾವಾಸ್ಯೆ ಹುಣ್ಣಿಮೆಗೊಮ್ಮೆ ಹೊರಗೆ ತೆಗೆಯುತ್ತಾಳೆ ಎನ್ನುವುದೂ ಅವನಿಗೆ ಗೊತ್ತಿತ್ತು. ಗೊತ್ತಿರುವುದಕ್ಕೇನು, ಅವನಿಗೆ ಬಹಳ ಗೊತ್ತಿರುತ್ತದೆ.

ಬುಧವಾರ ಮಧ್ಯಾಹ್ನ ಯಂತ್ರದ ಸೂಚನೆ ಬಂದು ಅವನ ಫೋನು ಟಣ್ ಎಂದಿತು. ಕಾಶಿಬಾಯಿಯವರ ಶಕ್ತಿ ತೀರ ಕುಂದಿದೆ, ಕೂಡಲೇ ಗಮನಿಸಿ. ಮಳೆಯ ಡಬ್ಬಿ ಇದ್ದದ್ದು ನೀರಿನ ಟಾಕಿಯ ನೆತ್ತಿಯ ಮೇಲೆ. ನಿಚ್ಚಣಿಕೆ ಹಾಕಿ ಹತ್ತಬೇಕು. ಈ ಬಿಸಿಲಲ್ಲಿ ಯಾರು ಹತ್ತುತ್ತಾರೆ? ಆಕಾಶದಲ್ಲಿ ಒಂದು ಮೋಡವಿಲ್ಲ.

“ಕಾಶಿಬಾಯಿದೇನು ಅವಸರ? ಮಳಿ ಬರೂತನ ಆಕಿ ಇದ್ದರೇನು, ಹೋದರೇನು” ಎಂದು ಬೆರಳಿಂದ ಸಂದೇಶವನ್ನು ಆಚೆ ತಳ್ಳಿ ಮಗ್ಗುಲಾದ.

ಒಳಗಿದ್ದ ಮಧುಮತಿ, “ಎಂಥಾ ಮಾತ್ರಿ ಅದು! ಬಾಯಾಗ ಒಳ್ಳೇದ ಬರಂಗಿಲ್ಲೇನು?” ಎಂದಳು.

ಗುರುವಾರ ಬೆಳಿಗ್ಗೆ ಎರಡನೆಯ ಸಂದೇಶ ಬಂತು. ಕಾಶಿಬಾಯಿಯವರು ಸ್ಪಂದಿಸುತ್ತಿಲ್ಲ. ಅರ್ಧ ತಾಸಿಗೊಮ್ಮೆ ಅದೇ. ಊರಿನ ಫೋನುಗಳನ್ನೆಲ್ಲ ದುರಸ್ತಿ ಮಾಡಿದ ಮಹಾನುಭಾವನಿಗೆ ಆ ಟಣ್ ಟಣ್ ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. ಕೊನೆಗೆ ಚಪ್ಪಲಿ ಮೆಟ್ಟಿ, ಬಜಾರದಲ್ಲಿ ಗಡಿಯಾರ ರಿಪೇರಿಯ ಅಂಗಡಿ ಇಟ್ಟುಕೊಂಡಿರುವ ಗೆಳೆಯ ಇಸ್ಮಾಯಿಲನ ಹತ್ತಿರ ಸೆಲ್ ತರಲು ಹೋದ.

ಇಸ್ಮಾಯಿಲ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಗಡಿಯಾರದ ಹೊಟ್ಟೆ ನೋಡುತ್ತಿದ್ದ. “ಬರ್ರಿ ರಾಘಣ್ಣ, ಕೂಡ್ರಿ. ಯಾರ ಶಕ್ತಿ ಕಮ್ ಆತು?” ಎಂದ. ಅವನಿಗೆ ಮಾಳಿಗೆಯ ಮೇಲಿನ ಹೆಸರುಗಳೆಲ್ಲ ಗೊತ್ತು.

“ಕಾಶಿಬಾಯಿದು.”

“ತೋಬಾ ತೋಬಾ. ಎರಡು ಸೆಲ್ ಕೊಟ್ಟರ ಎದ್ದು ಕೂಡ್ತಾರ ಬಿಡ್ರಿ.”

ಅಷ್ಟರಲ್ಲಿ ಮಧುಮತಿಯ ಫೋನು ಬಂತು. “ಏನ್ ಮಾಡಿಟ್ಟೀರ್ರಿ ನೀವು? ನೆಲೋಗಿಯಿಂದ ನಿಮ್ಮ ಅಕ್ಕನ ಮಗ ಮಯೂರ ಫೋನ್ ಮಾಡಿದ್ದ. ‘ಮಾಮಿ, ಮನಿ ತುಂಬ ಮಂದಿ ಬಂದಾರ, ಅವ್ವಗ ಏನಾಗ್ಯದಂತ ಮಾಮಾಗ ಕೇಳ್ರಿ’ ಅನ್ನಾಕತ್ತಾನ. ಅವನ ಅವ್ವ ಅವನ ಮುಂದ ರೊಟ್ಟಿ ಬಡ್ಯಾಕತ್ತಾಳಂತ!”

ರಾಘವೇಂದ್ರ ಗ್ರೂಪು ತೆರೆದ. ತೆರೆದವನು ಇಸ್ಮಾಯಿಲನ ಸ್ಟೂಲಿನ ಮೇಲೆ ಕುಸಿದ. ಬೇಸಿಗೆಯವರೆಗೂ ಯಾರೊಬ್ಬರೂ ಓದದ ಅವನ ಹವಾ ವರದಿಗಳ ಕೆಳಗೆ ಸಂದೇಶಗಳ ಜಾತ್ರೆಯೇ ನೆರೆದಿತ್ತು. ‘ಏನಾಯ್ತು ಕಾಶಕ್ಕಗ?’ ‘ಯಾವ ದವಾಖಾನಿ?’ ‘ನಾವು ಅಫಜಲಪುರದಿಂದ ಹೊಂಟೀವಿ.’ ಆಮೇಲಿನವು ಬರೀ ಕೈಜೋಡಿಸಿದ ಚಿತ್ರಗಳು, ಭಾವಪೂರ್ಣ ಶ್ರದ್ಧಾಂಜಲಿಗಳು. ‘ಇಂಥಾ ತಾಯಿ ಇನ್ನ ಹುಟ್ಟಿ ಬರಂಗಿಲ್ಲ’ ಎಂದು ಒಬ್ಬರು ಬರೆದಿದ್ದರು. ನಡುವೆ ಯಂತ್ರದ ನಿತ್ಯದ ವರದಿ, ಅವನದೇ ನಂಬರಿನಿಂದ: ‘ಕಾಶಿಬಾಯಿಯವರು ಸ್ಪಂದಿಸುತ್ತಿಲ್ಲ. ತುಳಸಾಬಾಯಿಯವರು ಬಿಸಿಯಾಗಿದ್ದಾರೆ. ರಾಘವೇಂದ್ರ ಶಾಂತವಾಗಿದ್ದಾನೆ.’

ಅದರ ಕೆಳಗೆ ಯಾರೋ ‘ಗಟ್ಟಿ ಮನುಷ್ಯ’ ಎಂದು ಬರೆದಿದ್ದರು.

ಇಸ್ಮಾಯಿಲ ಫೋನು ಇಸಿದುಕೊಂಡು ಓದಿದ. ಓದುತ್ತ ಓದುತ್ತ ಅವನ ಹೊಟ್ಟೆ ಕುಣಿಯತೊಡಗಿತು, ಕಣ್ಣಿನ ಗಾಜು ಕಳಚಿ ಗಡಿಯಾರದ ಮೇಲೆ ಬಿತ್ತು. “ಅರೆ ಭಾಯ್, ಹವಾ ಇಲ್ಲಂದ್ರ ಶಾಂತ ಅಂತನ ಬರೀತದಲ್ರಿ, ಮಷಿನ್ ಬರೋಬರಿ ಅದ” ಎಂದ. ಆಮೇಲೆ ಗೆಳೆಯನ ಮುಖ ನೋಡಿ ನಗು ನುಂಗಿದ. “ಹೋಗ್ರಿ, ಜಲ್ದಿ ಹೋಗ್ರಿ. ಕಾಶಿಬಾಯಿ ಆಪಾನ ಕಾಲು ಹಿಡೀರಿ. ರವಿವಾರ ಲಡಕಿ ನಿಶ್ಚಯ ಅದ, ನೆಪ್ಪದನೋ ಇಲ್ಲೋ?”

ನೆನಪಿರದೆ ಏನು! ಯಾರದೋ ಕೈಯಲ್ಲಿ ಹೇಳಿಕಳಿಸಿದ್ದಕ್ಕೆ ಹನ್ನೊಂದು ವರ್ಷ ಮಾತು ಬಿಟ್ಟವಳು, ಬದುಕಿದ್ದಾಗಲೇ ಸಾಯಿಸಿದ ತಮ್ಮನಿಗೆ ಎಷ್ಟು ವರ್ಷ ಹಾಕಿಯಾಳು? ಮನೆಗೆ ಹೋಗಿ ಬಟ್ಟೆ ಬದಲಿಸುವ ಗೊಡವೆಗೂ ಹೋಗದೆ, ಅಂಗಡಿಯಿಂದಲೇ ಕಲಬುರಗಿಯ ಬಸ್ಸು ಹತ್ತಿದ.

ಬಸ್ಸಿನಲ್ಲಿ ಕೂತು ಗ್ರೂಪಿಗೆ ಬರೆದ: ‘ಅಕ್ಕ ಆರಾಮ ಇದ್ದಾಳೆ. ಕಾಶಿಬಾಯಿ ಅಂದರೆ ಅಕ್ಕ ಅಲ್ಲ, ನಮ್ಮ ಮಾಳಿಗೆಯ ಮೇಲಿನ ಮಳೆ ಅಳೆಯುವ ಡಬ್ಬಿ. ಸೆಲ್ ಮುಗಿದಿದೆ ಅಷ್ಟೇ.’

ತಕ್ಷಣ ಉತ್ತರ ಬಂತು. ಇಷ್ಟು ದಿನ ಒಂದಕ್ಕೂ ಉತ್ತರ ಕೊಡದ ಮಂದಿ! ‘ದುಃಖದಾಗ ಹಿಂಗ ಆಗ್ತದ, ರಾಘು. ಧೈರ್ಯ ತಗೋ. ಯಾರರ ಅವನ ಬಾಜೂಕ ಇರ್ರಿ.’

ಅವನು ಫೋನು ಕಿಸೆಗೆ ಹಾಕಿ ಕಿಟಕಿಯ ಆಚೆ ನೋಡಿದ. ಉತ್ತ ಎರೆಹೊಲಗಳು ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. ಟ್ರಂಕ್ ಕಾಲ್ ಹಚ್ಚುತ್ತಿದ್ದ ಕಾಲದಲ್ಲಿ ಊರಿನ ಸಾವಿನ ಸುದ್ದಿಯೆಲ್ಲ ಅವನ ಕೈಯಲ್ಲಿದ್ದ ತಂತಿಯ ಮೇಲೇ ಬರುತ್ತಿತ್ತು. ಗಾಳಿಮಳೆಗೆ ಕಂಬ ಬಿದ್ದು ಲೈನು ಕಡಿದಾಗ, ಸುದ್ದಿ ತಡವಾದರೆ ಪಾಪ ಹತ್ತುತ್ತದೆ ಎಂದು ಕೆಸರಿನಲ್ಲಿ ನಿಂತು ತಂತಿ ಜೋಡಿಸಿದ್ದ. ಈಗ ಅದೇ ಮನುಷ್ಯ ಸಾಯದವರ ಸುದ್ದಿ ಹೊರಡಿಸಿ ಮೂರು ತಾಲ್ಲೂಕಿನ ಮಂದಿಯನ್ನು ಬಸ್ಸು ಹತ್ತಿಸಿದ್ದಾನೆ. ಫೋನು ಮಾಡಿ ಕೇಳಬಹುದಿತ್ತಲ್ಲ ಎಂದರೆ, ಅದೂ ಆಗದು. ನಿಮ್ಮ ಮನೆಯಲ್ಲಿ ಸತ್ತಿದ್ದು ಖರೆಯೇನ್ರಿ ಎಂದು ಯಾರಾದರೂ ಫೋನಿನಲ್ಲಿ ಕೇಳುತ್ತಾರೆಯೇ? ಅಂಥ ಸುದ್ದಿ ಕಿವಿಗೆ ಬಿದ್ದರೆ ನಮ್ಮ ಕಡೆ ಸುಮ್ಮನೆ ಚಪ್ಪಲಿ ಮೆಟ್ಟಿ ಹೊರಡುತ್ತಾರೆ.

ಜೇವರ್ಗಿ ದಾಟುವಾಗ ನೆನಪಾಯಿತು: ಕುಂಕುಮ ತಂದಿಲ್ಲ. ಮಧುಮತಿಯನ್ನೂ ಕರೆತಂದಿಲ್ಲ. ಅಕ್ಕನ ಮನೆಗೆ ಹೋಗುತ್ತಿರುವುದು ಕರೆಯುವುದಕ್ಕಲ್ಲ, ಕ್ಷಮೆ ಕೇಳುವುದಕ್ಕೆ. ಇದೊಂದು ಮುಗಿಯಲಿ, ನಾಳೆ ಇಬ್ಬರೂ ಮತ್ತೆ ಬಂದರಾಯಿತು ಎಂದುಕೊಂಡ. ನಾಳೆ ಎಂಬ ಮಾತು ಅವನ ಬಾಯಿಗೆ ಎಷ್ಟು ಸಲೀಸಾಗಿ ಬರುತ್ತದೆ ನೋಡಿ.

ನೆಲೋಗಿಯಲ್ಲಿ ಅಕ್ಕನ ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಕಟ್ಟೆಯ ಮೇಲೆ ಕೂತಿದ್ದ ಭಾವ, ವರ್ಷಕ್ಕೆ ಎಣಿಸಿ ನಾಲ್ಕು ಮಾತಾಡುವ ಮನುಷ್ಯ, ಇವನನ್ನು ನೋಡಿ ಬೀಡಿ ಆರಿಸಿದರು.

“ಬಂದ್ಯಾ? ನಿಮ್ಮ ಅಕ್ಕ ಇನ್ನಾ ಇದ್ದಾಳ. ಒಳಗ ಹೋಗು” ಎಂದರು.

ಪಡಸಾಲೆಯ ತುಂಬ ಮಂದಿ. ಗೋಡೆಯ ಗೂಡಿನಲ್ಲಿ ಬ್ರೆಡ್ಡು, ಬಾಳೆಹಣ್ಣು, ಬಿಸ್ಕಿಟಿನ ಪುಡಿಕೆಗಳು ಸಾಲಾಗಿ ಕೂತಿದ್ದವು. ಅವೆಲ್ಲ ಬುಧವಾರದ ಸಂದೇಶ ಓದಿ ಬಂದವರದು. ಗುರುವಾರದ್ದನ್ನು ಓದಿ ಬಂದವರು ಬೇರೆ ತಯಾರಿಯಲ್ಲಿ ಬಂದಿದ್ದರು. ಗುರುಬಾಯಿಯ ಗಂಡ ಕಲ್ಲಿನಾಥ ಪೇಪರಿನಲ್ಲಿ ಸುತ್ತಿದ ದೊಡ್ಡದೊಂದು ಸೇವಂತಿಗೆ ಹಾರವನ್ನು ಎಲ್ಲಿ ಅಡಗಿಸಬೇಕೆಂದು ತಿಳಿಯದೆ ಬೆನ್ನ ಹಿಂದೆ ಇಟ್ಟುಕೊಂಡು, ಗೋಡೆಗೆ ಒರಗಲೂ ಆಗದೆ ನೆಟ್ಟಗೆ ಕೂತಿದ್ದ. ಎಲ್ಲರ ನಡುವೆ ಕಾಶಿಬಾಯಿ ಕೆಟಲು ಹಿಡಿದು, ಸತ್ತವಳ ಮನೆಗೆ ಬಂದವರಿಗೆ ತಾನೇ ಚಹಾ ಬಗ್ಗಿಸಿ ಕೊಡುತ್ತಿದ್ದಳು. ಅವಳ ಹಿಂದೆ ಕಪ್ಪು ಹಿಡಿದುಕೊಂಡು ನಿಂತವಳು ಗುರುಬಾಯಿ.

ಆದದ್ದನ್ನು ಮಯೂರ ಮೆಲ್ಲಗೆ ಮಾಮನ ಕಿವಿಯಲ್ಲಿ ಹೇಳಿದ. ಗುರುಬಾಯಿ ಓಣಿಯ ತಿರುವಿನಿಂದಲೇ ಬಾಯಿ ಬಾಯಿ ಬಡಿದುಕೊಳ್ಳುತ್ತ ಬಂದಳಂತೆ. “ನನ್ನ ಮ್ಯಾಲಿನ ಸಿಟ್ಟ ಹೊತಗೊಂಡ ಹೋದ್ಯಲ್ಲ ಯಕ್ಕಾ! ಒಂದ್ ಮಾತ ಆಡ್ಲಾರದ ಹೋದ್ಯಲ್ಲ!” ಎಂದು ಹೊಸ್ತಿಲ ಮೇಲೆ ಬಿದ್ದು ಅಳುತ್ತಿದ್ದಾಗ, ಹಿತ್ತಲಿನಿಂದ ಕೈಯಲ್ಲಿ ಹಿಟ್ಟು ಮೆತ್ತಿಕೊಂಡು ಬಂದ ಕಾಶಿಬಾಯಿ ಹಿಂದೆ ನಿಂತು, “ಯಾರ ಸತ್ತಾರ ಬೇ?” ಎಂದು ಕೇಳಿದಳಂತೆ. ಹನ್ನೊಂದು ವರ್ಷದ ಮೇಲೆ ಆಡಿದ ಮೊದಲ ಮಾತು ಅದು. ಗುರುಬಾಯಿ ಚೀರಿ ಕಲ್ಲಿನಾಥನ ಮೇಲೆ ಬಿದ್ದಳಂತೆ. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತದ್ದು ಅತ್ತದ್ದೇ.

ಕೇಳಿ ರಾಘವೇಂದ್ರನಿಗೆ ಸ್ವಲ್ಪ ಜೀವ ಬಂತು. ಆಹಾ, ಒಳ್ಳೆಯದೇ ಆಯಿತಲ್ಲ, ಮುರಿದ ಮನೆ ಕೂಡಿಸಿದೆನಲ್ಲ ಎಂದು ಒಳಗಿನ ಹವಾ ಕೂಡ ಮೆಲ್ಲಗೆ ಎದ್ದಿತು. ಅಷ್ಟರಲ್ಲಿ ಅಕ್ಕ ಅವನನ್ನು ನೋಡಿದಳು. ನೋಡಿ, ಒಂದೂ ಮಾತಾಡದೆ, ಅವನಿಗೂ ಒಂದು ಕಪ್ಪು ಚಹಾ ಕೊಟ್ಟು ಹೋಗಿ ಕುರ್ಚಿಯ ಮೇಲೆ ಕೂತಳು.

ಅಕ್ಕ ಮಾತು ಬಿಟ್ಟಳೆಂದೇ ಅವನು ತಿಳಿದ. ಗಡಬಡಿಸಿ ಎಲ್ಲವನ್ನೂ ಒದರಿದ: ಯಂತ್ರ, ಸೆಲ್ಲು, ‘ಎಲ್ಲ’ ಎಂದು ಒತ್ತಿದ್ದು, ಬ್ಯಾಟರಿ ಎನ್ನಬಾರದೆಂದು ಶಕ್ತಿ ಎಂದದ್ದು. ಮಂದಿ ಮಿಕಮಿಕ ನೋಡಿದರು.

“ಡಬ್ಬಿಗಿ ನಮ್ಮ ಅಕ್ಕನ ಹೆಸರ ಯಾಕ?” ಎಂದು ಗುರುಬಾಯಿ ಕೇಳಿದಳು. ಅವಳಿಗೆ ಈಗ ಅಕ್ಕನ ಪರ ನಿಲ್ಲುವ ಹೊಸ ಹುರುಪು.

“ಮಳಿ ಅಂದ್ರ ಲಕ್ಷ್ಮಿ, ಅದಕ್ಕ...” ಎಂದ. ಯಾರೂ ನಂಬಲಿಲ್ಲ. ಅಕ್ಕ ಹುಬ್ಬು ಕೂಡ ಅಲುಗಿಸಲಿಲ್ಲ. ಸುಳ್ಳು ಸಾಗಲಿಲ್ಲವೆಂದು ಗೊತ್ತಾಗಿ, ಕಪ್ಪಿನ ಕೆಳಗಿನ ಬಸಿಯಲ್ಲಿದ್ದ ಚಮಚ ಎತ್ತಿ ತೋರಿಸಿದ. “ಅದರಾಗ ಇಂಥಾದೊಂದು ಇರ್ತದ. ನಾಕು ಹನಿ ಬಿದ್ದರ ಸಾಕು, ತುಂಬಿ ಉರುಳ್ತದ. ಅಕ್ಕನ ಕಣ್ಣೂ... ಹಂಗ ಅಲ್ಲೇನು?”

ಪಡಸಾಲೆ ಗೊಳ್ಳೆಂದಿತು. ಕಲ್ಲಿನಾಥ ನಗುವ ಭರದಲ್ಲಿ ಗೋಡೆಗೆ ಒರಗಿ ಹಾರವನ್ನೆಲ್ಲ ಅಪ್ಪಚ್ಚಿ ಮಾಡಿದ. ಕಾಶಿಬಾಯಿಯ ತುಟಿಯೂ ಒಂದು ಕಡೆ ಸರಿಯಿತು. “ಮುಚ್ಚಲೇ ಬಾಯಿ. ಸಣ್ಣವ ಇದ್ದಾಗ ಬಾವ್ಯಾಗ ಬೀಳ್ತೀನಂತ ನನ್ನ ಅಳಿಸಿ ಅಳಿಸಿ ಬೆಲ್ಲ ತಿಂದವ ನೀನ” ಎಂದಳು.

ಬೈದಳು! ರಾಘವೇಂದ್ರನಿಗೆ ಹೋದ ಜೀವ ಬಂದಂತಾಯಿತು. ಬೈದಳೆಂದರೆ ಮಾತು ಬಿಡಲಿಲ್ಲ. ಇನ್ನು ಭಯವಿಲ್ಲ ಎಂದು ಚಹಾ ಬಸಿಗೆ ಸುರುವಿಕೊಂಡು ಸೊರ್ರೆಂದು ಎಳೆದ. ಎಂಥ ಹುಂಬ ಎಂದರೆ, ಎಲ್ಲರ ನಗುವಿನ ಜೊತೆ ತಾನೂ ಜೋರಾಗಿ ನಕ್ಕ.

“ಅಲ್ಲೋ ರಾಘು” ಎಂದಳು ಅಕ್ಕ, ನಗು ತಣ್ಣಗಾದ ಮೇಲೆ. “ರವಿವಾರ ಮಂಜರಿ ನಿಶ್ಚಯ ಅಂತಲ್ಲ?”

ಬಸಿ ಅವನ ತುಟಿಯ ಹತ್ತಿರವೇ ನಿಂತಿತು.

“ಗುರುಬಾಯಿ ಹೇಳಿದಳು. ‘ಪಾಪ, ರವಿವಾರ ಹುಡುಗಿ ಉಡಿ ತುಂಬಬೇಕಾಗಿತ್ತು, ಅಷ್ಟರಾಗ ಹೋದ್ಯಲ್ಲ ಯಕ್ಕಾ’ ಅಂತ ಹಾಡ್ಯಾಡ್ಕೋತ ಅತ್ತಳು ನೋಡು, ಅವಾಗ ನನಗ ಗೊತ್ತಾತು.”

“ಗ್ರೂಪಿನಾಗ ಹಾಕಿದ್ನಲ್ಲ ಅಕ್ಕಾ...” ಎಂದ.

“ಹಾಕಿದ್ದಿ. ನಾ ಸತ್ತಿದ್ದೂ ಗ್ರೂಪಿನಾಗ ಹಾಕಿದ್ದಿ.”

ಗುರುಬಾಯಿ ತಲೆ ತಗ್ಗಿಸಿ ಖಾಲಿ ಕಪ್ಪುಗಳನ್ನು ಒಂದರ ಮೇಲೊಂದು ಇಡತೊಡಗಿದಳು. ಅವಳು ಹನ್ನೊಂದು ವರ್ಷ ಈ ಹೊಸ್ತಿಲಿನ ಹೊರಗೆ ಕಳೆದದ್ದೂ ಇಷ್ಟೇ ತಪ್ಪಿಗೆ.

“ಇವರೆಲ್ಲಾರೂ ನಾ ಸತ್ತೇನಿ ಅಂತ ತಿಳಿದು ಬಂದರು” ಎಂದಳು ಕಾಶಿಬಾಯಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ತಡೆಯದಾಯಿತು. “ಬಿಸಲಾಗ, ಮೂರ್ ಮೂರ್ ಬಸ್ ಬದಲಿ ಮಾಡಿ ಬಂದಾರ. ನೀ ಒಬ್ಬವಗ ಗೊತ್ತಿತ್ತು, ಅಕ್ಕ ಆರಾಮ ಇದ್ದಾಳಂತ. ಅದಕ್ಕ ನೀ ಒಬ್ಬವ ಬರಲಿಲ್ಲ. ಹೌದಿಲ್ಲೋ?”

ಸುಳ್ಳು ಹೇಳಲು ಅವನ ಹತ್ತಿರ ಏನೂ ಉಳಿದಿರಲಿಲ್ಲ. “ಹೌದು” ಎಂದ. “ಇವತ್ತೂ ಕರ್ಯಾಕ ಅಂತ ಬಂದಿಲ್ಲಕ್ಕಾ. ನೀ ಸಿಟ್ಟಾಗ್ತಿ ಅಂತ ಅಂಜಿ ಬಂದೇನಿ. ಕುಂಕುಮಾನೂ ತಂದಿಲ್ಲ.”

ಹೇಳಿ ಮುಗಿಸುವಷ್ಟರಲ್ಲಿ ಅವನದೇ ಕಣ್ಣು ತುಂಬಿ ಚಹಾದ ಬಸಿಯೊಳಗೆ ಟಪ್ಪೆಂದಿತು. ಊರಿಗೆಲ್ಲ ಹವಾ ಹೇಳುವವನು ಮಂದಿಯ ಮುಂದೆ ಮೂಗು ಒರೆಸಿಕೊಳ್ಳುತ್ತ ಕೂತಿದ್ದ, ನಾಚಿಕೆಯೂ ಆಗಲಿಲ್ಲ. ಮಂಜರಿಗೆ ಹೋಗಿ ಏನು ಹೇಳುವುದು ಎನ್ನುವುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಕಾಶಿಬಾಯಿ ಎದ್ದು ದೇವರ ಕೋಣೆಗೆ ಹೋದಳು. ತನ್ನದೇ ಕುಂಕುಮದ ಭರಣಿ ತಂದು ಅವನ ಕೈಯಲ್ಲಿಟ್ಟು, ಮತ್ತೆ ಕುರ್ಚಿಯ ಮೇಲೆ ಸೆರಗು ಸರಿಮಾಡಿಕೊಂಡು, ಬೀಗರ ಮನೆಗೆ ಬಂದವಳ ಹಾಗೆ ನೆಟ್ಟಗೆ ಕೂತಳು.

“ಹಚ್ಚು.”

“ಮಧುಮತಿ ಇಲ್ಲಲ್ಲಕ್ಕಾ, ಗಂಡಸು ನಾ ಹೆಂಗ... ಗುರುಬಾಯಿ ಹಚ್ಚಲಿ...”

“ಆಕಿ ಯಾಕ ಹಚ್ತಾಳ? ಮಗಳ ಯಾರಕಿ? ನೀನ ಹಚ್ಚು. ಬಾಯಿ ಬಿಟ್ಟು ಕರಿ.”

ತಂತಿಗೆ ತಂತಿ ಜೋಡಿಸಿದ ಬೆರಳುಗಳಿಗೆ ಹಣೆಯ ನಡು ಸಿಗಲಿಲ್ಲ. ಅರ್ಧ ಕುಂಕುಮ ಹಣೆಗೆ, ಅರ್ಧ ಮೂಗಿಗೆ. ಯಾರೂ ನಗಲಿಲ್ಲ, ಕಲ್ಲಿನಾಥ ಕೂಡ.

“ಅಕ್ಕಾ” ಎಂದ. “ರವಿವಾರ ನಿನ್ನ ಮಂಜರಿ ನಿಶ್ಚಯ. ನೀ ಬರಬೇಕು. ಮೊದಲ ಉಡಿ ನೀನ ತುಂಬಬೇಕು. ನೀ ಬರಲಿಲ್ಲಂದ್ರ ನಮ್ಮ ಮನ್ಯಾಗ ಯಾರದೂ ಏನೂ...”

ಕಾಶಿಬಾಯಿ ಸೆರಗಿನಿಂದ ಮೂಗಿನ ಮೇಲಿನ ಕುಂಕುಮ ಒರೆಸಿಕೊಂಡಳು. ಆಮೇಲೆ ಅದೇ ಸೆರಗಿನಿಂದ ತಮ್ಮನ ಕಣ್ಣು ಒರೆಸಿದಳು. ಅವನ ಮುಖವೂ ಕೆಂಪಾಯಿತು.

“ಬರ್ತೇನಿ. ಯಾಕ ಬರಂಗಿಲ್ಲ?” ಎಂದಳು. “ಖರೆ ಒಂದ್ ಹೇಳು ತಮ್ಮಾ. ನೀ ಈ ಮನಿಗಿ ಬಂದು ಬಾಯಿ ತುಂಬ ‘ಅಕ್ಕಾ, ಬಾ’ ಅನ್ನಬೇಕಂದ್ರ ನಾ ಒಂದ್ ಸಲ ಸಾಯಬೇಕಾಗಿತ್ತೇನೋ?”